ಚಿಕ್ಕತಾಯಿ ಉಜ್ಜಿದ ಮೂರು ಮಸೆಗಲ್ಲು

ಕಾಲು ಕಂಬಳಿ ಒಳಗೆ ತಗೋ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಹೊಳೆಗೆ ಸೇತುವೆ ಇಲ್ಲದೆ ಜನ ಹರಿಗೋಲಲ್ಲೇ ದಾಟ್ತಿದ್ದ ಕಾಲದಲ್ಲಿ, ದಡದ ಒಂದೂರಲ್ಲಿ ಸಿದ್ದನಂಜ ಅಂತ ಒಬ್ಬ ಕ್ಷೌರದವನಿದ್ದನಂತೆ. ಅವನ ಹೆಂಡತಿ ಚಿಕ್ಕತಾಯಿ. ಸಿದ್ದನಂಜನ ಕೈ ಎಷ್ಟು ಹಗುರ ಅಂದ್ರೆ, ಗಡ್ಡ ಕೆರೆಸ್ಕೊಳ್ಳೋಕೆ ಕೂತವರು ಹಾಗೇ ತೂಕಡಿಸಿಬಿಡೋರಂತೆ. ಅವನ ಹತ್ರ ಅಪ್ಪನ ಕಾಲದ ಮೂರು ಮಸೆಗಲ್ಲಿದ್ದವು. ಒಂದು ಒರಟು, ಒಂದು ನಡುವಿನದು, ಒಂದು ನುಣುಪು. ಕತ್ತೀನ ಮೊದಲು ಒರಟಿನ ಮೇಲೆ ಮಸೀಬೇಕು, ಆಮೇಲೆ ನಡುವಿನದರ ಮೇಲೆ, ಆಮೇಲೆ ನುಣುಪಿನ ಮೇಲೆ, ಕೊನೆಗೆ ಚರ್ಮದ ಪಟ್ಟಿ ಮೇಲೆ ಎಳೀಬೇಕು. ಆಗ ಅದು ಕೂದಲನ್ನ ಕತ್ತರಿಸಿದ್ದೂ ಗೊತ್ತಾಗ್ತಿರಲಿಲ್ಲವಂತೆ.

ಒಂದು ದಿನ ಸಿದ್ದನಂಜ ಆಚೆ ದಡದ ಮದುವೆ ಮನೆಗೆ ಹೋಗೋವಾಗ ಹರಿಗೋಲು ಸುಳಿಗೆ ಸಿಕ್ಕಿ ಮಗುಚಿಕೊಳ್ತು. ಜನ ಹೇಗೋ ಈಜಿ ಪಾರಾದ್ರು, ಸೊಂಟಕ್ಕೆ ಸಿಕ್ಕಿಸಿದ್ದ ಕತ್ತೀನೂ ಉಳೀತು, ಕಲ್ಲಿನ ಗಂಟು ಮಾತ್ರ ಮುಳುಗಿಹೋಯ್ತಂತೆ. ಆಮೇಲೆ ಸಿದ್ದನಂಜ ಸಿಕ್ಕ ಸಿಕ್ಕ ಕಲ್ಲಿನ ಮೇಲೆ ಕತ್ತಿ ಮಸೆದು ಕೆಲಸ ನಡೆಸಿದ. ಕತ್ತಿ ಕೂದಲು ಕತ್ತರಿಸೋ ಬದಲು ಕೀಳೋಕೆ ಶುರುಮಾಡ್ತು. ಒಬ್ಬ ಮುದುಕನ ಕೆನ್ನೆ ಸೀಳಿ ಕೀವು ಕಟ್ಟಿಕೊಂಡು, ಆ ಮುದುಕ ಸಾಯೋ ಹಾಗಾಗಿ ಬದುಕಿದನಂತೆ. ಅವತ್ತೇ ಸಿದ್ದನಂಜ ಕತ್ತೀನ ಬಟ್ಟೇಲಿ ಸುತ್ತಿ ತೊಲೆ ಮೇಲಿಟ್ಟುಬಿಟ್ಟ. ಇನ್ನು ಇಟ್ಟಿಗೆ ಹೊರೋಕೆ ಹೋಗ್ತೀನಿ ಅಂದ.

ಅಷ್ಟರಲ್ಲಿ ಅವನ ತಂಗಿ ಮರಿಹೊನ್ನಿ ಹೇಳಿಕಳಿಸಿದಳಂತೆ, ಮಗೂಗೆ ಮುಡಿ ತೆಗೆಸಬೇಕು, ಸುಗ್ಗಿ ಆದಮೇಲೆ ಅಣ್ಣನೇ ಬರಲಿ ಅಂತ. ಪಾಪ, ಅವಳ ಮೊದಲಿನ ಎರಡು ಮಕ್ಕಳು ಮುಡಿ ತೆಗೆಸೋ ತನಕ ಉಳಿದಿರಲೇ ಇಲ್ಲ. ಇದೊಂದು ಉಳಿದಿತ್ತು. ಸಿದ್ದನಂಜ ಕೇಳಿ ಮುಖ ತಿರುಗಿಸಿಕೊಂಡ. ಆ ಎಳೆ ತಲೆ ಮೇಲೆ ಈ ಕತ್ತಿ ಇಡಲಾರೆ, ಬೇರೆ ಯಾರನ್ನಾದರೂ ಕರೆಸಿಕೋ ಅಂತ ಹೇಳಿಕಳಿಸು ಅಂದ.

ಚಿಕ್ಕತಾಯಿ ಹೇಳಿಕಳಿಸಲಿಲ್ಲ. ಬೆಳಗಾಗೆದ್ದು ರೊಟ್ಟಿ ಕಟ್ಟಿಕೊಂಡು ಕಲ್ಲು ಹುಡುಕೋಕೆ ಹೊರಟಳಂತೆ.

ಮೊದಲು ಬೆಟ್ಟದ ಕಲ್ಲುಕುಟಿಗರ ಹತ್ರ ಹೋದಳು. ಅಲ್ಲೊಬ್ಬ ಮುದುಕಿ, ಉಳಿ ಮಸೆಯೋ ಒರಟು ಕಲ್ಲೊಂದಿದೆ, ಕೊಡ್ತೀನಿ, ನನ್ನ ಮಂಡಿ ಹಿಡಿದುಕೊಂಡಿದೆ, ಕೆಳಗಿನ ದೊಣೆಯಿಂದ ನೀರು ತುಂಬಿಕೊಡು ಅಂದಳು. ಚಿಕ್ಕತಾಯಿ ಹಂಡೆ ತುಂಬೋ ತನಕ ಬೆಟ್ಟ ಹತ್ತಿ ಇಳಿದು ಕಲ್ಲು ತಗೊಂಡಳು. ಆಮೇಲೆ ಕುರಿ ಮಂದೆಯವರ ಹತ್ರ ಹೋದಳು. ಉಣ್ಣೆ ಕತ್ತರಿ ಮಸೆಯೋ ನಡುವಿನ ಕಲ್ಲು ಅವರ ಹತ್ರ ಎರಡಿತ್ತು. ಆದ್ರೆ ಅಲ್ಲೊಂದು ಕುರಿ ಈಯಲಾರದೆ ಒದ್ದಾಡ್ತಿತ್ತು, ಕುರಿಯವನ ಕೈ ದಪ್ಪ. ಚಿಕ್ಕತಾಯಿ ಕೈಗೆ ಎಣ್ಣೆ ಹಚ್ಚಿಕೊಂಡು ಮರೀನ ಮೆಲ್ಲಗೆ ಎಳೆದುಕೊಟ್ಟಳು. ಅವನು ಮರೀನ ಒರೆಸ್ತಾ, ತಗೋ ತಾಯಿ, ಯಾವುದು ಬೇಕೋ ಅದನ್ನ ತಗೋ ಅಂದನಂತೆ.

ನುಣುಪು ಕಲ್ಲು ಎಲ್ಲೂ ಸಿಗಲಿಲ್ಲ. ಕೊನೆಗೆ ಬಾವಿ ತೋಡೋರು ಹೇಳಿದರಂತೆ, ತಳದಲ್ಲೊಂದು ಕಪ್ಪು ಕಲ್ಲಿನ ಪದರ ಇದೆ, ಉಗುರು ಎಳೆದ್ರೂ ಜಾರುತ್ತೆ, ಆದ್ರೆ ಮೇಲಿನ ಮಣ್ಣು ಸಡಿಲ ಆಗಿದೆ, ನಾವಂತೂ ಇಳಿಯಲ್ಲ. ಚಿಕ್ಕತಾಯಿ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ತಾನೇ ಇಳಿದಳು. ಮೇಲಿಂದ ಮಣ್ಣು ಉದುರ್ತಿತ್ತು, ಆದ್ರೂ ಅಂಗೈ ಅಗಲದ ಒಂದು ಹಲಗೆ ಎಬ್ಬಿಸಿಕೊಂಡು ಮೇಲೆ ಬಂದಳಂತೆ.

ಮನೆಗೆ ಬಂದು ಕಲ್ಲುಗಳನ್ನ ಮುಂದಿಟ್ಟರೆ ಸಿದ್ದನಂಜ ಕತ್ತಿ ಬೆನ್ನನ್ನ ಒಂದೊಂದರ ಮೇಲೂ ಇಟ್ಟು ಬೆಳಕಿಗೆ ಹಿಡಿದು ನೋಡಿದ. ಅಡಿಯಲ್ಲಿ ಬೆಳಕು ನುಸುಳ್ತಿತ್ತು. ಕಲ್ಲೇನೋ ಒಳ್ಳೇವು, ಆದ್ರೆ ಮಟ್ಟ ಇಲ್ಲ, ಡೊಂಕು ಕಲ್ಲಿನ ಮೇಲೆ ಕತ್ತಿ ಬಾಯೂ ಡೊಂಕಾಗುತ್ತೆ ಅಂದ. ಹಾಗಾದ್ರೆ ನಿಮ್ಮಪ್ಪ ಹೇಗೆ ಮಟ್ಟ ಮಾಡಿದ್ರು ಅಂತ ಅವಳು ಕೇಳಿದಳು. ಅವನು ತಲೆ ತಗ್ಗಿಸಿ, ನಾನು ಕೇಳಲೇ ಇಲ್ಲ ಕಣೇ ಅಂದನಂತೆ.

ಚಿಕ್ಕತಾಯಿ ಹೊಳೆ ಮೆಟ್ಟಿಲ ಮೇಲೆ ಕೂತು, ಸಣ್ಣ ಮರಳು ಹಾಕಿ, ನೀರು ಚಿಮುಕಿಸಿ, ಒರಟು ಕಲ್ಲನ್ನೂ ನಡುವಿನದನ್ನೂ ಒಂದಕ್ಕೊಂದು ಉಜ್ಜಿದಳು. ಉಜ್ಜಿ ಉಜ್ಜಿ ಅಂಗೈ ಬೊಬ್ಬೆ ಬಂತು. ನೋಡಿದ್ರೆ ಅಡಿಯದು ಉಬ್ಬಿತ್ತು, ಮೇಲಿನದು ತಗ್ಗಾಗಿತ್ತು. ಎರಡೂ ಒಂದಕ್ಕೊಂದು ಚೆನ್ನಾಗಿ ಕೂರ್ತಿದ್ದವು, ಮಟ್ಟ ಮಾತ್ರ ಎರಡೂ ಇಲ್ಲ. ಅವಳಿಗೆ ಅಳು ಬಂತಂತೆ. ಸವೆದುಹೋದೀತು ಅಂತ ನುಣುಪು ಕಲ್ಲನ್ನ ಸೆರಗಲ್ಲೇ ಕಟ್ಟಿಕೊಂಡಿದ್ದಳು. ಅದನ್ನ ಬಿಚ್ಚಿ ಉಬ್ಬಿದ ಕಲ್ಲಿನ ಮೇಲಿಟ್ಟು ಉಜ್ಜಿದಳು, ಆಮೇಲೆ ತಗ್ಗಿನದರ ಜೊತೆ ಉಜ್ಜಿದಳು, ಆಮೇಲೆ ಮತ್ತೆ ಮೊದಲಿನ ಎರಡನ್ನೇ. ಪ್ರತಿ ಸಲವೂ ಮರಳು ತೊಳೆದು, ಜೋಡಿ ಬದಲಾಯಿಸಿ, ಮೇಲಿದ್ದದ್ದನ್ನ ಕೆಳಗಿಟ್ಟು ಉಜ್ಜಿದಳು. ಎರಡೇ ಕಲ್ಲಾದ್ರೆ ಒಂದರ ಡೊಂಕಿಗೆ ಇನ್ನೊಂದು ಹೊಂದಿಕೊಂಡುಬಿಡುತ್ತೆ. ಮೂರನೇದು ಸೇರಿತು ನೋಡು, ಯಾವುದಕ್ಕೂ ಡೊಂಕಾಗಿರೋಕೆ ಆಗಲಿಲ್ಲ.

ಮನೆ ಹೊಸಿಲಲ್ಲಿ ಕೂತು ಹೊಳೆ ಕಡೆ ನೋಡ್ತಿದ್ದ ಸಿದ್ದನಂಜ ಮಾರನೇ ದಿನ ತಾನೂ ಎದ್ದು ಬಂದ. ಬಿಡು, ನಿನ್ನ ಕೈ ನೋಡು ಹೇಗಾಗಿದೆ ಅಂತ ಕಲ್ಲು ಈಸ್ಕೊಂಡನಂತೆ. ಇಬ್ಬರೂ ಸರದಿ ಮೇಲೆ ಉಜ್ಜಿದರು. ಕೊನೆಗೊಂದು ದಿನ ಒದ್ದೆ ಕಲ್ಲನ್ನ ಎತ್ತಿದ್ರೆ ಅಡಿಯದೂ ಅಂಟಿಕೊಂಡೇ ಮೇಲೆ ಬಂತು. ಮೂರರ ಮೇಲೂ ಕತ್ತಿ ಬೆನ್ನಿಟ್ಟು ನೋಡಿದ್ರೆ ಬೆಳಕು ನುಸುಳಲಿಲ್ಲ. ಸಿದ್ದನಂಜ ಮೂರರಲ್ಲೂ ಕತ್ತಿ ಮಸೆದು, ಪಟ್ಟಿಗೆ ಎಳೆದು, ತನ್ನ ಮುಂಗೈ ಮೇಲೆ ಆಡಿಸಿದ. ಕೂದಲು ಸದ್ದಿಲ್ಲದೆ ಉದುರಿತಂತೆ.

ಸುಗ್ಗಿ ಮುಗೀತು, ಇಬ್ಬರೂ ತಂಗಿ ಮನೆಗೆ ಹೋದರು. ಚಿಕ್ಕತಾಯಿ ಮಗೂನ ತೊಡೆ ಮೇಲೆ ಕೂರಿಸಿಕೊಂಡಳು. ಸಿದ್ದನಂಜ ತಲೆ ಒದ್ದೆ ಮಾಡಿ ಕತ್ತಿ ಇಟ್ಟ. ಮಗು ಮೊದಲು ಕೊಸರಾಡ್ತು, ಆಮೇಲೆ ಬಾಯಿಗೆ ಬೆರಳು ಹಾಕಿಕೊಂಡು ಸುಮ್ಮನಾಯ್ತು, ಮುಗಿಯೋ ಹೊತ್ತಿಗೆ ನಿದ್ದೇನೇ ಹೋಗಿತ್ತಂತೆ. ಮರಿಹೊನ್ನಿ ಬಂದು ಆ ಬೋಳು ತಲೆ ಸವರಿ ತನ್ನ ಅಂಗೈ ನೋಡಿಕೊಂಡಳು. ಒಂದು ತೊಟ್ಟು ರಕ್ತ ಇರಲಿಲ್ಲ. ಇನ್ನೊಂದು ಸಲ ಸವರಿದಳು, ಈ ಸಲ ಕೈ ನೋಡಿಕೊಳ್ಳಲಿಲ್ಲ. ಆಗ ಸಿದ್ದನಂಜ ಹಿಡಿದಿದ್ದ ಉಸಿರು ಬಿಟ್ಟನಂತೆ.

ಆಮೇಲೆ ಊರ ಜನ ಒಬ್ಬೊಬ್ಬರೇ ಅವನ ಜಗಲಿಗೆ ವಾಪಸ್ ಬಂದರು. ಸುತ್ತಲ ಊರಿನ ಕ್ಷೌರದವರು ಕಲ್ಲು ಹೊತ್ತು ತಂದು, ಚಿಕ್ಕತಾಯಮ್ಮ, ಮಟ್ಟ ಮಾಡೋದು ತೋರಿಸಿಕೊಡಿ ಅಂತ ಕೇಳೋರಂತೆ. ಅವಳು ಸೀರೆ ಎತ್ತಿಕಟ್ಟಿ ಹೊಳೆ ಮೆಟ್ಟಿಲಿಗೆ ಇಳಿಯೋಳಂತೆ. ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಬೆಚ್ಚಗಿದ್ದೀವಿ. ಕತೆ ಇಷ್ಟೇ ಮಗಾ, ಮುಗೀತು. ಆ ಕಡೆ ಮಗ್ಗುಲಾಗು.