ಇವತ್ತಿನ ಮೀನು

"ಗುರುಗಳೇ, ಯಾರಿಗೂ ನಷ್ಟವಾಗದ ಒಂದು ಸಣ್ಣ ಸುಳ್ಳಿನಲ್ಲಿ ತಪ್ಪೇನಿದೆ?" ಎಂದು ಶಿಷ್ಯನೊಬ್ಬ ಕೇಳಿದ.

"ಏನು ಸುಳ್ಳು ಹೇಳಿ ಬಂದೆ?" ಎಂದರು ಗುರುಗಳು.

ಶಿಷ್ಯ ಮುಚ್ಚಿಡಲಿಲ್ಲ. ಒಬ್ಬ ಹೆಂಗಸು ಮಗನ ಹೆಸರಿನಲ್ಲಿ ಬುಧವಾರ ಅಭಿಷೇಕವಾಗಬೇಕೆಂದು ಹೇಳಿ ಹೋಗಿದ್ದಳು. ಅವನು ಮರೆತಿದ್ದ. ನೆನಪಾದದ್ದು ಶುಕ್ರವಾರ. ಅಂದೇ ಮಾಡಿ ಮುಗಿಸಿದ್ದ. ಆಕೆ ಬಂದು ಕೇಳಿದಾಗ ಬುಧವಾರವೇ ಆಯಿತು ಎಂದುಬಿಟ್ಟಿದ್ದ.

"ಆಕೆ ಸಂತೋಷದಿಂದ ಪ್ರಸಾದ ತೆಗೆದುಕೊಂಡು ಹೋದಳು. ಅಭಿಷೇಕವಂತೂ ಆಗಿದೆ. ನಾನು ಬದಲಿಸಿದ್ದು ದಿನವನ್ನು ಮಾತ್ರ" ಎಂದ.

"ದಿನವನ್ನು ಮಾತ್ರ" ಎಂದು ಗುರುಗಳು ಅವನ ಮಾತನ್ನೇ ತಿರುಗಿ ಹೇಳಿದರು. "ಕೂತುಕೋ." ಆಮೇಲೆ ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಮೀನುಗಾರನಿದ್ದ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಮದುವೆಯಾಗಿ ಹೋಗಿದ್ದ ಅಕ್ಕ ಬಂದು, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನ ಮನೆಗೆ ಕರೆದುಕೊಂಡು ಹೋದಳು. ಅವಳಿಗೆ ಮಕ್ಕಳಾಗಲಿಲ್ಲ. ಭಾವ ಅವನಿಗೆ ಈಜು ಕಲಿಸಿದ, ಬಲೆ ಕಟ್ಟುವುದು ಕಲಿಸಿದ, ಕೊನೆಗೆ ದೋಣಿಯ ಯಜಮಾನಿಕೆಯನ್ನೂ ಅವನಿಗೇ ಬಿಟ್ಟುಕೊಟ್ಟ. ಭಾವ ಕಡಿಮೆ ಮಾತಿನವನು. ಹುಡುಗ ದೊಡ್ಡವನಾದನಲ್ಲ ಎಂಬುದೇ ಅವನಿಗೆ ಸಾಕಾಗಿತ್ತು.

ಗಂಡಸರಿಬ್ಬರೂ ಬೆಳಕು ಹರಿಯುವ ಮೊದಲು ಹೊರಟು, ಬಿಸಿಲೇರುವುದರೊಳಗೆ ದಡ ಸೇರುತ್ತಿದ್ದರು. ಬಿಸಿಲೇರಿದರೆ ಮೀನು ಕೆಡುತ್ತದೆ. ಅಕ್ಕ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರುತ್ತಿದ್ದಳು. ಬೇರೆಯವರು ಬುಟ್ಟಿ ಇಳಿಸಿದರೆ ಆ ಊರಿನ ಹೆಂಗಸರು ಕಿವಿರು ಎತ್ತಿ ನೋಡುವರು, ಹೊಟ್ಟೆ ಒತ್ತಿ ನೋಡುವರು, ಮೂಸಿಯೂ ನೋಡುವರು. ಅಕ್ಕನ ಬುಟ್ಟಿಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. "ಇವತ್ತಿನದ್ದಾ?" ಎಂದು ಕೇಳುವರು. "ಇವತ್ತಿನದ್ದೇ" ಎಂದು ಅವಳೆಂದರೆ ಪಾತ್ರೆ ತರುವರು. ಹಿಂದಿನ ದಿನದ್ದು ಉಳಿದಿದ್ದರೆ ಅವಳೇ ಬಾಯಿಬಿಟ್ಟು ಹೇಳಿ ಬುಟ್ಟಿಯನ್ನು ತಲೆಗೇರಿಸಿಕೊಂಡು ಮುಂದೆ ಹೋಗುವಳು. ಓದು ಬಾರದ, ಕುತ್ತಿಗೆಯಲ್ಲಿ ಕರಿಮಣಿ ಬಿಟ್ಟರೆ ಬೇರೇನೂ ಇಲ್ಲದ ಆ ಹೆಂಗಸಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿನದು.

ದೋಣಿಯ ಹಿಂಭಾಗದಲ್ಲಿ, ಹಲಗೆಗಳ ಕೆಳಗೆ, ಸಾಮಾನು ಇಡುವ ಉದ್ದನೆಯ ಗೂಡೊಂದಿತ್ತು. ಹಗ್ಗ, ಹಳೆಯ ಬಲೆ, ನೀರಿನ ಕ್ಯಾನು, ಗಂಜಿಯ ಪಾತ್ರೆ ಎಲ್ಲ ಅಲ್ಲೇ. ಬಲೆ ಬಿಟ್ಟು ಕಾಯುವಾಗ ಭಾವ ಕಾಲು ಚಾಚಿ ಮಲಗುತ್ತಿದ್ದುದೂ ಅಲ್ಲೇ. ಮೀನುಗಾರ ಬಂದರಿಗೆ ಹೋಗಿ ದೊಡ್ಡ ದೋಣಿಗಳನ್ನು ನೋಡಿ ಬಂದ. ಬಡಗಿಯನ್ನು ಕರೆಸಿ ಗೂಡನ್ನು ಖಾಲಿ ಮಾಡಿಸಿದ. ಸುತ್ತ ಥರ್ಮೋಕೋಲ್ ತುಂಬಿಸಿ, ಒಳಗೆ ತಗಡು ಹೊಡೆಸಿ, ಬ್ಯಾಟರಿಯಿಂದ ಓಡುವ ಫ್ರಿಜ್ಜು ಕೂರಿಸಿದ. ಮುಚ್ಚಳ ಹಲಗೆಗೆ ಸಮನಾಗಿ ಕೂತಿತು. ಮೇಲೆ ಓಡಾಡಿದರೂ ಕೆಳಗೆ ಅಂಥದ್ದೊಂದು ಇದೆ ಎಂದು ತಿಳಿಯುತ್ತಿರಲಿಲ್ಲ. ನೀನು ಈಗಲೇ ಫ್ರಿಜ್ಜನ್ನು ಬೈಯಲು ಹೊರಡಬೇಡ. ಕಷ್ಟಪಟ್ಟು ಹಿಡಿದ ಮೀನು ಕೆಡಬಾರದು ಎಂದುಕೊಳ್ಳುವುದು ಪಾಪವಲ್ಲ.

ಅಲ್ಲಿಂದ ಅವರು ಎರಡು ಮೂರು ದಿನ ಕಡಲಿನಲ್ಲೇ ಉಳಿಯತೊಡಗಿದರು. ಮೊದಲ ಸಲ ಮೂರನೇ ದಿನ ಬಂದಾಗ ಅಕ್ಕ ಬುಟ್ಟಿ ಹಿಡಿದು ನಿಂತಿದ್ದಳು. ಯಾವತ್ತಿನದ್ದು ಎಂದು ಕೇಳಿದಳು. "ಎರಡು ದಿನ ಏನೂ ಸಿಕ್ಕಲಿಲ್ಲ ಅಕ್ಕ. ಇದೆಲ್ಲ ಇವತ್ತು ಬೆಳಿಗ್ಗೆ ಬಿದ್ದದ್ದು" ಎಂದ. ಮೀನಿನ ಕಣ್ಣು ತಿಳಿಯಾಗಿತ್ತು, ಮೈ ಗಟ್ಟಿಯಾಗಿತ್ತು. ಅವಳು ಹೊತ್ತುಕೊಂಡು ಹೋದಳು. ಇವತ್ತಿನದ್ದೇ ಎಂದು ಹೇಳಿ ಮಾರಿದಳು. ತಿಂದವರಿಗೆ ಏನೂ ಆಗಲಿಲ್ಲ. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ.

ಭಾವನಿಗೆ ಇದು ಸರಿಬರಲಿಲ್ಲ. "ಅವಳಿಗೆ ಯಾಕೆ ಸುಳ್ಳು ಹೇಳ್ತೀ ಮಾರಾಯ?" ಎಂದು ಒಮ್ಮೆ ಕೇಳಿದ.

"ನಿಜ ಹೇಳಿದ್ರೆ ಅವಳು ಮಾರುವುದಿಲ್ಲ. ಗೊತ್ತಿಲ್ಲದೆ ಹೇಳಿದ್ರೆ ಅವಳ ಬಾಯಲ್ಲಿ ಅದು ಸುಳ್ಳೇ ಅಲ್ಲವಲ್ಲ ಭಾವ" ಎಂದ ಮೀನುಗಾರ.

ನೋಡಿದೆಯಾ, ಎಷ್ಟು ಚೆನ್ನಾಗಿ ಯೋಚಿಸಿದ್ದ. ನಿನಗೂ ಇಷ್ಟು ಹೊಳೆದಿರಲಿಕ್ಕಿಲ್ಲ. ಭಾವ ಸುಮ್ಮನಾದ. ಸುಮ್ಮನಾದದ್ದು ಅವನ ತಪ್ಪು. ಆದರೆ ಆ ತಪ್ಪಿಗೆ ಅವನು ತೆತ್ತದ್ದು ಬಹಳವಾಯಿತು.

ಒಂದು ಸಲ ಹೊರಟ ಮೊದಲ ದಿನವೇ ಬಂಗುಡೆಯ ದೊಡ್ಡ ಹಿಂಡು ಸಿಕ್ಕಿತು. ಮಧ್ಯಾಹ್ನದೊಳಗೆ ಫ್ರಿಜ್ಜು ತುಂಬಿತು. ಎರಡನೇ ಸಲ ಬಲೆ ಬಿಟ್ಟಾಗ ಭಾವ ಎದೆ ಹಿಡಿದುಕೊಂಡು ಕೂತ. "ಒಳಗೆ ಹಿಂಡಿದ ಹಾಗೆ ಆಗ್ತದೆ. ತಿರುಗಿಸು, ಮನೆಗೆ ಹೋಗುವ" ಎಂದ. ದಡ ಐದು ಗಂಟೆಯ ದಾರಿ. ಫೋನು ಹಿಡಿಯದ ಜಾಗ. ಮೀನುಗಾರ ಭಾವನ ಮುಖ ನೋಡಿದ, ನೀರಿನಲ್ಲಿದ್ದ ಬಲೆಯನ್ನೂ ನೋಡಿದ. "ಬಿಸಿಲಿಗೆ ಹಾಗೆ ಆಗಿರಬೇಕು. ಸ್ವಲ್ಪ ಮಲಗಿ. ಬಲೆ ಎಳೆದ ಕೂಡಲೆ ಹೊರಡುವ" ಎಂದ. ಭಾವ ಮಲಗಿದ. ಇನ್ನೊಮ್ಮೆ ಹೇಳಲಿಲ್ಲ. ಸೂರ್ಯ ಮುಳುಗುವ ಮೊದಲೇ ಉಸಿರು ನಿಂತಿತ್ತು.

ಮೀನುಗಾರ ಅತ್ತ. ಅತ್ತದ್ದು ಸುಳ್ಳಲ್ಲ. ತಂದೆಯ ಜಾಗದಲ್ಲಿದ್ದವನು ಸತ್ತರೆ ಯಾರಿಗಾದರೂ ಕರುಳು ಕಿತ್ತು ಬಂದ ಹಾಗೆ ಆಗುತ್ತದೆ. ಅತ್ತು ಮುಗಿದ ಮೇಲೆ ಅವನಿಗೆ ಮತ್ತೆ ಬಲೆ ಕಂಡಿತು. ಅಷ್ಟು ತುಂಬಿದ ಬಲೆಯನ್ನು ಒಬ್ಬನೇ ಎಳೆಯಲು ಮಾರನೆಯ ದಿನವೆಲ್ಲ ಬೇಕು. ಕಡಿದುಬಿಟ್ಟು ಹೊರಡಲು ಕೈ ಬರಲಿಲ್ಲ. ಭಾವನಂತೂ ಹೋದರು, ಇವತ್ತು ದಡ ಸೇರಿದರೂ ನಾಡಿದ್ದು ಸೇರಿದರೂ ಅವರಿಗೆ ಒಂದೇ ಎಂದುಕೊಂಡ. ಫ್ರಿಜ್ಜಿನಿಂದ ಮೀನನ್ನೆಲ್ಲ ತೆಗೆದು ಹಲಗೆಯ ಮೇಲೆ ರಾಶಿ ಹಾಕಿದ. ಒದ್ದೆ ಗೋಣಿ ಹೊದಿಸಿದ. ಭಾವನನ್ನು ಒಳಗೆ ಮಲಗಿಸಿ ಮುಚ್ಚಳ ಹಾಕಿದ. ಮಾರನೆಯ ದಿನ ಬಲೆ ಎಳೆದು, ಬಂದ ಮೀನನ್ನು ಅದೇ ರಾಶಿಯ ಮೇಲೆ ಸುರಿದ.

ಮೂರನೇ ದಿನ ಬೆಳಿಗ್ಗೆ, ದಡ ಕಾಣುವ ಮೊದಲು, ಭಾವನನ್ನು ಹೊರತೆಗೆದು ಹಲಗೆಯ ಮೇಲೆ ಮಲಗಿಸಿದ. ಆಮೇಲೆ ದೋಣಿ ದಡ ಮುಟ್ಟಿತು. ಊರವರು ಓಡಿ ಬಂದು ಭಾವನನ್ನು ಎತ್ತಿ ಮರಳಿನ ಮೇಲೆ ಮಲಗಿಸಿದರು. ಅಕ್ಕ ಬಂದಳು. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಯಾವಾಗ ತಮ್ಮಾ?" ಎಂದು ಕೇಳಿದಳು.

"ಇವತ್ತು ಬೆಳಿಗ್ಗೆ ಅಕ್ಕ. ಏಳುವಾಗಲೇ ಎದೆ ನೋವು ಅಂದ್ರು. ತಕ್ಷಣ ತಿರುಗಿಸಿದೆ. ದಾರಿಯಲ್ಲೇ ಹೋದ್ರು."

ನಾಲಿಗೆ ತಡವರಿಸಲಿಲ್ಲ. ಅಷ್ಟು ವಾರ ಅಭ್ಯಾಸವಾಗಿತ್ತಲ್ಲ. ಭಾವನ ಮುಖವೂ ಅವನ ಮಾತಿಗೆ ಸಾಕ್ಷಿ ಹೇಳಿತು. ನಿದ್ದೆಹೋದವನ ಮುಖದ ಹಾಗಿತ್ತು. ಊರವರೆಲ್ಲ ನಂಬಿದರು.

ಅಕ್ಕ ಎದ್ದು ದೋಣಿಯ ಹತ್ತಿರ ಹೋದಳು. ಏಕೆ ಹೋದಳೋ ಗೊತ್ತಿಲ್ಲ. ಗಂಡ ಕೊನೆಗೆ ಕೂತಿದ್ದ ಜಾಗ ನೋಡಬೇಕೆನ್ನಿಸಿರಬಹುದು. ಹಲಗೆಯ ಮೇಲೆ ಗೋಣಿ ಇತ್ತು. ಎತ್ತಿದಳು. ಮೇಲಿದ್ದದ್ದು ನಿನ್ನೆಯ ಮೀನು. ಕೈ ಹಾಕಿ ಅಡಿಯಿಂದ ಒಂದನ್ನು ತೆಗೆದಳು. ಅದು ಮೊನ್ನೆಯದು, ಹೊಟ್ಟೆ ಒಡೆದಿತ್ತು. ಪಕ್ಕದಲ್ಲೇ ಮುಚ್ಚಳ ಸರಿದ ಫ್ರಿಜ್ಜಿತ್ತು, ಮೀನಿಗೆಂದು ಮಾಡಿಸಿದ್ದು, ಈಗ ಖಾಲಿ. ಅದರಲ್ಲಿರಬೇಕಾದ ಮೀನು ಮೊನ್ನೆಯಿಂದ ಹೊರಗೆ ಬಿಸಿಲಿನಲ್ಲಿದೆ ಎಂದರೆ ಮೊನ್ನೆಯಿಂದ ಒಳಗೆ ಇದ್ದದ್ದು ಯಾರೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾವ "ಮನೆಗೆ ಹೋಗುವ" ಎಂದು ಕೇಳಿಕೊಂಡದ್ದನ್ನು ಮಾತ್ರ ಮೀನು ಹೇಳಲಾರದು. ಅದನ್ನು ಅವನು ಇಂದಿಗೂ ಹೇಳಿಲ್ಲ.

ತಮ್ಮ ನೋಡುತ್ತ ನಿಂತಿದ್ದ. ಅಕ್ಕ ಮೀನನ್ನು ಇದ್ದಲ್ಲೇ ಇಟ್ಟು ಗೋಣಿ ಮುಚ್ಚಿದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕ ಕೂತಳು. ಊರಿನ ಹಿರಿಯನೊಬ್ಬ ಅವಳನ್ನೇ ಕೇಳಿದ. "ಕ್ರಿಯೆಗೆ ಯಾವ ದಿನ ಹಿಡಿಯುವುದು ಮಾರಾಯ್ತಿ? ಜೀವ ಹೋದದ್ದು ಯಾವತ್ತು?"

ಅವಳು ತಮ್ಮನ ಕಡೆ ತಿರುಗಲಿಲ್ಲ. ಅವಳು ಸೊಂಟದ ಮೇಲೆ ಹೊತ್ತು ತಂದ ಹುಡುಗ ಅವನು. ಗಂಡನನ್ನು ಕಳೆದುಕೊಂಡ ದಿನವೇ ಅವನನ್ನೂ ಕಳೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

"ಇವತ್ತು" ಎಂದಳು.

ಅವಳು ಹೇಳಿದ ಮೇಲೆ ಎರಡನೇ ಮಾತು ಯಾರು ಕೇಳುತ್ತಾರೆ? ಆ ದಿನವೇ ನಿಂತಿತು. ಹನ್ನೊಂದನೇ ದಿನದ ಕ್ರಿಯೆ ಆ ದಿನದಿಂದ ಎಣಿಸಿ ನಡೆಯಿತು. ವರ್ಷದ ತಿಥಿಯೂ ಆ ದಿನಕ್ಕೇ ಬೀಳುತ್ತದೆ. ಪ್ರತಿ ವರ್ಷ ತಮ್ಮ ಮಡಿಯುಟ್ಟು, ಭಾವ ಸಾಯದ ದಿನ ಭಾವನಿಗೆ ಅನ್ನವಿಡುತ್ತಾನೆ. ಅದಕ್ಕೆ ಎರಡು ದಿನ ಮೊದಲು ಅಕ್ಕ ಬೆಳಗಿನಿಂದ ಒಂದು ಹನಿ ನೀರೂ ಮುಟ್ಟುವುದಿಲ್ಲ. ಏಕೆ ಎಂದು ತಮ್ಮ ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ. ಅವತ್ತು ಅವನಿಗೆ ಎಂದಿನಂತೆ ಬಡಿಸಿ, ಅವನು ಉಣ್ಣುವವರೆಗೆ ಎದುರಿಗೆ ಕೂತಿರುತ್ತಾಳೆ.

ಮೀನು ಮಾರುವುದನ್ನು ಅವಳು ಬಿಡಲಿಲ್ಲ, ಹೊಟ್ಟೆಪಾಡು ಬಿಡುವುದಿಲ್ಲವಲ್ಲ. ಬುಟ್ಟಿ ಇಳಿಸಿದರೆ ಹೆಂಗಸರು ಈಗಲೂ ಇವತ್ತಿನದ್ದಾ ಎಂದು ಕೇಳುತ್ತಾರೆ. ಅವಳು ಮುಖ ಬೇರೆ ಕಡೆ ತಿರುಗಿಸಿ, "ಕಿವಿರು ಎತ್ತಿ ನೋಡಿ ತಕ್ಕೊಳ್ಳಿ" ಎನ್ನುತ್ತಾಳೆ. ಗಂಡ ಹೋದ ಮೇಲೆ ಇವಳಿಗೆ ಸ್ವಲ್ಪ ಬಿಗುಮಾನ ಬಂತು ಎಂದು ಊರವರು ಆಡಿಕೊಳ್ಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಮುಂದೆ ಇನ್ನೂ ಏನೋ ಇರಬೇಕು ಎಂದು ಶಿಷ್ಯ ಅಂದುಕೊಂಡಿದ್ದ.

"ಹಾಗಾದರೆ ಅವನಿಗೆ ಶಿಕ್ಷೆಯೇ ಆಗಲಿಲ್ಲವೇ ಗುರುಗಳೇ?" ಎಂದ.

"ಅಂದಿನಿಂದ ಅವನು ಏನು ಹೇಳಿದರೂ ಅಕ್ಕ ಹೌದು ಎನ್ನುತ್ತಾಳೆ. ಯಾವತ್ತಿನದ್ದು ಎಂದು ಮಾತ್ರ ಕೇಳುವುದಿಲ್ಲ" ಎಂದರು ಗುರುಗಳು.