ಹಿಟ್ಟಿನ ಹಲಗೆ

"ಗುರುಗಳೇ, ಸತ್ತವರು ಮಲಗಿದ್ದ ಮಂಚ ಮನೆಯಲ್ಲಿ ಇರಬಹುದೇ?" ಎಂದು ಶಿಷ್ಯ ಮಹಾಬಲ ಕೇಳಿದ.

ತಂದೆಯ ಕರ್ಮಗಳನ್ನು ಮುಗಿಸಿ ಅವನು ಅಂದೇ ಆಶ್ರಮಕ್ಕೆ ಮರಳಿದ್ದ. ತಂದೆ ಪ್ರಾಣ ಬಿಟ್ಟದ್ದು ತಮ್ಮ ಮದುವೆಯಲ್ಲಿ ಮಾಡಿಸಿದ್ದ ಮಂಚದ ಮೇಲೆ. ತಾಯಿ "ಅದೊಂದು ಇರ್ಲಿ ಬಿಡೋ" ಎಂದಿದ್ದಳು. ಸೂತಕದ ವಸ್ತು ಬೇಡವೆಂದು ಮಹಾಬಲ ಅದನ್ನು ಊರಾಚೆ ಒಯ್ದು ಸುಡಿಸಿದ್ದ. ಇಷ್ಟನ್ನೂ ಗುರುಗಳಿಗೆ ಹೇಳಿ ಕೈಕಟ್ಟಿ ನಿಂತ.

"ಪ್ರಶ್ನೆ ಕೇಳಲು ಬಂದಿದ್ದೀಯೋ, ಬೆನ್ನು ತಟ್ಟಿಸಿಕೊಳ್ಳಲು ಬಂದಿದ್ದೀಯೋ?" ಎಂದರು ಗುರುಗಳು. "ಇರಲಿ, ಕೂತುಕೋ. ಹಿಂದೆ ಇಲ್ಲಿಗೆ ಬಂದಿದ್ದ ಒಬ್ಬ ಪಾದ್ರಿ ಹೇಳಿದ ಕತೆಯೊಂದಿದೆ."

ಗುರುಗಳು ಹೇಳತೊಡಗಿದರು:

ಅಮೆರಿಕದಲ್ಲಿ ಅಪಲೇಶಿಯಾ ಎಂಬ ಬೆಟ್ಟಗಳ ಸೀಮೆ ಇದೆ. ಅಮೆರಿಕ ಎಂದ ಕೂಡಲೇ ಕಣ್ಣರಳಿಸಬೇಡ. ನಾನು ಹೇಳುತ್ತಿರುವುದು ಬಹಳ ಹಿಂದಿನ ಮಾತು. ಅಲ್ಲಿಯವರು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಮನೆ ಕಟ್ಟುತ್ತಿದ್ದರು. ಮನೆಯೆಂದರೆ ಒಂದೇ ಕೋಣೆ, ಒಂದು ಒಲೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಜನ. ಒಂದು ವಸ್ತುವಿನಿಂದ ನಾಲ್ಕು ಕೆಲಸ ತೆಗೆಯುತ್ತಿದ್ದರು.

ಅಂಥ ಒಂದು ಮನೆಗೆ ಕೆಳಗಿನ ಕಣಿವೆಯಿಂದ ಒಬ್ಬ ಸೊಸೆ ಬಂದಳು. ಚುರುಕಾದ ಹುಡುಗಿ. ಅತ್ತೆಗೆ ಅವಳು ಅಚ್ಚುಮೆಚ್ಚು. ಆ ಮನೆಯಲ್ಲಿ ಆಳುದ್ದದ ಒಂದು ಹಲಗೆ ಗೋಡೆಗೆ ಒರಗಿರುತ್ತಿತ್ತು. ಬೆಳಿಗ್ಗೆ ಅದನ್ನು ಎರಡು ಕುರ್ಚಿಗಳ ಮೇಲಿಟ್ಟು ಅತ್ತೆ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಅದೊಂದು ಕೆಲಸವನ್ನು ಮಾತ್ರ ಅವಳು ಸೊಸೆಗೆ ಬಿಡುತ್ತಿರಲಿಲ್ಲ. ಮುದುಕಿಗೆ ತನ್ನ ಕೈರುಚಿಯ ಜಂಬ ಎಂದುಕೊಂಡು ಸೊಸೆ ನಗುತ್ತಿದ್ದಳು.

ಚಳಿಗಾಲದಲ್ಲಿ ಗಂಡನ ಚಿಕ್ಕಪ್ಪ ಅದೇ ಮನೆಯಲ್ಲಿ ತೀರಿಕೊಂಡ. ಅತ್ತೆ ಆಗ ಹಿಟ್ಟು ನಾದುತ್ತಿದ್ದಳು. ಅವಳು ಹಿಟ್ಟನ್ನು ಪಾತ್ರೆಗೆ ತೆಗೆದಿಟ್ಟು ಹಲಗೆ ಒರೆಸಿದಳು. ನೆರೆಯವರು ಬಂದು, ಅಲ್ಲಿಯ ಪದ್ಧತಿಯಂತೆ, ಸಾವಿನ ಹೊತ್ತಿಗೆ ಗಡಿಯಾರ ನಿಲ್ಲಿಸಿದರು. ಹೆಣವನ್ನು ಮೀಯಿಸಿ ಅದೇ ಹಲಗೆಯ ಮೇಲೆ ಮಲಗಿಸಿದರು. ಹೂಳುವ ಪೆಟ್ಟಿಗೆ ಸಿದ್ಧವಾಗುವವರೆಗೆ ಹೆಣ ಅಲ್ಲೇ ಇತ್ತು.

ಸೊಸೆ ಹೌಹಾರಿದಳು. ಅವಳ ಕಣಿವೆಯಲ್ಲೂ ಹೆಣಕ್ಕೊಂದು ಹಲಗೆ ಇತ್ತು. ಆದರೆ ಅದು ಚರ್ಚಿನಲ್ಲಿ ಇರುತ್ತಿತ್ತು, ಸಾವಾದ ಮನೆಗೆ ಬಂದು ಹಾಗೆಯೇ ಮರಳುತ್ತಿತ್ತು. ಅಡುಗೆಗೂ ಹೆಣಕ್ಕೂ ಒಂದೇ ಹಲಗೆ ಎಂಬುದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮಣ್ಣು ಮಾಡಿದ ಮೇಲೆ ಅತ್ತೆ ಹಲಗೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಬಿಸಿಲಿಗಿಟ್ಟು, ಮತ್ತೆ ಅದರ ಮೇಲೆ ಹಿಟ್ಟು ನಾದಲು ನಿಂತಳು. ಈ ಮನೆಯಲ್ಲಿ ಹಿಂದೆ ಸತ್ತವರೂ ಇದೇ ಹಲಗೆಯ ಮೇಲೆ ಮಲಗಿರಬೇಕೆಂದು ಹೊಳೆದು, ಮದುವೆಯಾಗಿ ಬಂದಂದಿನಿಂದ ತಾನು ತಿಂದ ರೊಟ್ಟಿಗಳೆಲ್ಲ ಸೊಸೆಗೆ ನೆನಪಾದವು. ಅಂಗಳಕ್ಕೆ ಓಡಿ ಕಾರಿಕೊಂಡಳು.

ಅಲ್ಲಿಂದ ಅವಳಿಗೆ ಅನ್ನ ಸೇರಲಿಲ್ಲ. ಬಾಯಿ ಬಿಟ್ಟು ಹೇಳಲೂ ಇಲ್ಲ. ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಮಹಾಬಲಾ. ಒಂದು ದಿನ ಅತ್ತೆ ಹೆರಿಗೆ ಮಾಡಿಸಲು ಪಕ್ಕದ ಬೆಟ್ಟಕ್ಕೆ ಹೋದಳು. ಗಂಡ ಮರ ಕಡಿಯಲು ಹೋಗಿದ್ದ. ಸೊಸೆ ಕೊಡಲಿ ಎತ್ತಿಕೊಂಡಳು. ಹಲಗೆಯನ್ನು ಸೀಳಿ ಒಲೆಗೆ ಹಾಕಿದಳು.

ಆ ಸೀಮೆಯಲ್ಲಿ ಬೂದಿಯನ್ನು ಎಸೆಯುವುದಿಲ್ಲ. ಅಂಗಳದ ಮರದ ತೊಟ್ಟಿಗೆ ತುಂಬಿ ನೀರು ಹೊಯ್ಯುತ್ತಾರೆ. ಕೆಳಗೆ ಸೋರುವ ಕ್ಷಾರದ ನೀರನ್ನು ಕೊಬ್ಬಿನ ಜೊತೆ ಕುದಿಸಿ ಸಾಬೂನು ಮಾಡುತ್ತಾರೆ. ಸೊಸೆ ಅಚ್ಚುಕಟ್ಟಿನವಳಲ್ಲವೇ? ಒಲೆ ಬಳಿದು, ಬೂದಿಯನ್ನು ತೊಟ್ಟಿಗೆ ಸುರಿದು ನೀರು ಹೊಯ್ದಳು. ನೆಲ ತಿಕ್ಕಿದಳು. ಬಹಳ ದಿನಗಳ ಮೇಲೆ ಅವಳಿಗೆ ಹಸಿವಾಯಿತು.

ಮರುದಿನ ಅತ್ತೆ ಮರಳಿದಳು. ಕೈ ತೊಳೆದವಳೇ ಗೋಡೆಯ ಕಡೆ ಕೈ ಚಾಚಿದಳು. ಅಲ್ಲಿ ಗೋಡೆ ಮಾತ್ರ ಇತ್ತು.

"ಹಲಗೆ ಎಲ್ಲಮ್ಮಾ?"

"ಸುಟ್ಟುಬಿಟ್ಟೆ ಅತ್ತೆ. ಹೆಣ ಮಲಗಿದ್ದರ ಮೇಲೆ ರೊಟ್ಟಿ ಮಾಡೋದು ನನ್ನಿಂದ ನೋಡೋಕಾಗಲಿಲ್ಲ. ಹೊಸದು ಮಾಡಿಸೋಣ."

ಅತ್ತೆ ಒಲೆಯ ಮುಂದೆ ಕುಕ್ಕರಿಸಿ ಒಳಗೆ ಕೈ ಹಾಕಿದಳು. ಒಲೆ ಬರಿದಾಗಿತ್ತು.

"ಬೂದಿ?"

"ತೊಟ್ಟಿಗೆ ಹಾಕಿ ನೀರು ಹೊಯ್ದೆ."

ಅತ್ತೆ ಎದ್ದು ತೊಟ್ಟಿಯ ಬಳಿ ಹೋದಳು. ಸೊಸೆಯೂ ಹಿಂದೆಯೇ ಹೋದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಅತ್ತೆ ಬೈಯಲಿಲ್ಲ.

"ನಿನ್ನ ಗಂಡನಿಗಿಂತ ಮೊದಲು ನನಗೊಬ್ಬಳು ಮಗಳಿದ್ದಳು" ಎಂದಳು. "ಆಗಷ್ಟೇ ನಡೆಯೋಕೆ ಕಲಿತಿದ್ದಳು. ಜ್ವರದಲ್ಲಿ ಹೋದಳು. ಹೊಳೆ ದಂಡೆಯಲ್ಲಿ ಮಣ್ಣು ಮಾಡಿದೆವು. ಆ ವರ್ಷ ಹೊಳೆ ಬಂದು ಗೋರಿಯನ್ನೇ ಹೊತ್ತುಕೊಂಡು ಹೋಯಿತು. ಅವಳ ಅಂಗಿಯೂ ಉಳಿದಿಲ್ಲ, ಪಟವೂ ಇಲ್ಲ. ಕೊನೆಗೆ ಅವಳು ಮಲಗಿದ್ದು ಆ ಹಲಗೆಯ ಮೇಲೆ. ದಿನಾ ಬೆಳಿಗ್ಗೆ ಅವಳು ಮಲಗಿದ್ದ ಜಾಗದಲ್ಲೇ ಹಿಟ್ಟು ಇಟ್ಟು ನಾದುತ್ತಿದ್ದೆ. ಕೈ ಅಡಿಗೆ ಅವಳ ಬೆನ್ನು ಸಿಕ್ಕಿದ ಹಾಗಾಗುತ್ತಿತ್ತು."

ತೊಟ್ಟಿಯ ಕೆಳಗಿಟ್ಟಿದ್ದ ಮಡಕೆಗೆ ಕಂದು ಬಣ್ಣದ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಸೊಸೆ ಮಡಕೆಯನ್ನು ಸರಿಸಲು ಬಾಗಿದಳು. ಸರಿಸಿ ಏನು ಮಾಡಬೇಕೆಂದು ತಿಳಿಯದೆ ಬಾಗಿಕೊಂಡೇ ನಿಂತಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮಹಾಬಲನ ಕಟ್ಟಿದ್ದ ಕೈಗಳು ಬಿಟ್ಟುಹೋಗಿದ್ದವು.

"ಆ ಸೊಸೆ ಆಮೇಲೆ ಏನು ಮಾಡಿದಳು, ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಅವಳ ಮಾತು ಬಿಡು. ಮಂಚ ಸುಟ್ಟ ಮೇಲೆ ನಿನ್ನ ತಾಯಿ ಎಲ್ಲಿ ಮಲಗುತ್ತಿದ್ದಾಳೆ?" ಎಂದರು ಗುರುಗಳು.

ಮಹಾಬಲನಿಗೆ ಅದು ಗೊತ್ತಿರಲಿಲ್ಲ.