ಸಾವಕಾರರ ಜೀಪಿನ ಎಸಿ

ಜೀಪಿನ ಬಾನೆಟ್ ಎತ್ತಿ ನೋಡಿದ ರುದ್ರಗೌಡ ಸಾವಕಾರರು ಕೆಂಡಾಮಂಡಲವಾದರು. ಡ್ರೈವರ್ ಲಾಲಸಾಬ ಎಸಿ ಕಂಪ್ರೆಸರಿನ ಪೈಪು ಕಿತ್ತು, ಅಲ್ಲಿಗೆ ಉದ್ದನೆಯ ರಬ್ಬರ್ ಪೈಪು ಜೋಡಿಸಿದ್ದ.

“ನನ್ನ ಎಸಿ ಕಿತ್ತು ಪಂಕ್ಚರ್ ಅಂಗಡಿ ಇಟ್ಟೀಯೇನಲೇ? ಇವತ್ತು ಹೊಳಿದಂಡಿ ಊಟಕ್ಕ ಬೀಗರು ಹೊಸಾ ಗಾಡಿಯಾಗ ಬರ್ತಾರ. ಅವರ ಮುಂದ ನಾ ಬೆವತು ಇಳಿದೆ ಅಂದ್ರ ನಿನ್ನ ನೌಕರಿ ಹೋತು, ತಿಳ್ಕೊ.”

ಆ ಎಸಿಯ ಗ್ಯಾಸು ಸೋರಿ ವರ್ಷಗಳಾಗಿದ್ದವು. ಆದರೂ ಬೀಗರ ಊರು ಬಂತೆಂದರೆ ಸಾವಕಾರರು ಎಸಿ ನಡೆಯುತ್ತಿದೆಯೆಂದು ತೋರಿಸಲು ಕಿಟಕಿ ಏರಿಸಿಕೊಂಡು ಒಳಗೇ ಬೇಯುತ್ತಿದ್ದರು.

ಲಾಲಸಾಬ ಕೈ ಒರೆಸಿಕೊಂಡ. “ಬೆವರೋ ಪಾಳಿ ಇವತ್ತು ಬೀಗರದು. ನೀವು ಕಿಟಕಿ ಇಳಿಸಿ ಆರಾಮ ಕುಂದರ್ರಿ, ಸಾವಕಾರ್ರ.”

ಹೊಳೆಯ ಉಸುಕು ಬಂತು. ಉಸುಕಿನಲ್ಲಿ ಹೂಳಬಾರದೆಂದು ಲಾಲಸಾಬ ಗಾಲಿಗಳ ಅರ್ಧ ಗಾಳಿ ಬಿಟ್ಟ. ಮೆತ್ತಗಾದ ಗಾಲಿಯ ಮೇಲೆ ಜೀಪು ಬಾತುಕೋಳಿಯಂತೆ ನಡೆದು ಆಚೆ ಸೇರಿತು. ಹಿಂದೆ ಬಂದ ಬೀಗರ ಗಾಡಿ ಮಾತ್ರ ಹೊಟ್ಟೆಯವರೆಗೆ ಹೂತಿತು. ಬೀಗರು ರುಮಾಲು ಬಿಚ್ಚಿಟ್ಟು, ಸುಡುಬಿಸಿಲಿನಲ್ಲಿ ಹೆಗಲು ಕೊಟ್ಟು ನೂಕಿದರು. ಗಾಡಿ ಜಗ್ಗಲಿಲ್ಲ.

ಲಾಲಸಾಬ ಅದರ ಗಾಳಿಯನ್ನೂ ಬಿಟ್ಟು, ಹಗ್ಗ ಕಟ್ಟಿ ಎಳೆದು ತಂದ. ಮುಂದೆ ಕಲ್ಲುದಾರಿ. ಗಾಳಿಯಿಲ್ಲದೆ ಹೋದರೆ ಟೈರು ಹರಿಯುವುದು ಖಂಡಿತ. ಬೀಗರ ಮುಖ ಬಾಡಿತು. ಲಾಲಸಾಬ ಜೀಪು ಚಾಲೂ ಮಾಡಿ, ಆ ರಬ್ಬರ್ ಪೈಪು ಎಳೆದು ಮೊದಲು ಬೀಗರ ಗಾಲಿಗೇ ಹಚ್ಚಿದ. ಎಸಿಯ ಕಂಪ್ರೆಸರು ಈಗ ಗಾಳಿ ತುಂಬುವ ಪಂಪಾಗಿತ್ತು. ಗಾಲಿ ಮೆಲ್ಲಗೆ ಎದ್ದು ನಿಂತಿತು.

ಬೆವರಿನಲ್ಲಿ ತೊಯ್ದ ಬೀಗರು ಬೇವಿನ ನೆರಳಿಗೆ ಬಂದರು. ಅಲ್ಲಿ ಸಾವಕಾರರು ತಣ್ಣಗೆ ಕೂತಿದ್ದರು.

“ನಿಮ್ಮ ಜೀಪಿನಾಗೂ ಎಸಿ ಐತಿ ಅಂತಿದ್ರಿ. ಎಲ್ಲೈತ್ರೀ?”

ಸಾವಕಾರರು ಒಮ್ಮೆ ಲಾಲಸಾಬನ ಕಡೆ ನೋಡಿ ಮೀಸೆ ತೀಡಿದರು.

“ನಿಮ್ಮ ಗಾಲಿಯೊಳಗ ಹೊಂಟೈತಲ್ರೀ ಬೀಗರ, ಅದ.”